ಬದುವಿನ ಮರ: ನೆರೆಹೊರೆಯವರ ಹಕ್ಕು ಮತ್ತು ಹೊಣೆ



ನ್ಯಾಯಶಾಸ್ತ್ರದ ತಿಳಿವಳಿಕೆಯು ವಕೀಲರ ಗ್ರಂಥಭಂಡಾರದಲ್ಲಿಯೇ ಉಳಿದುಬಿಡದೆ ಹೊಲದ ಬದುವಿನವರೆಗೂ ಬರಬೇಕೆಂಬ ಸದಾಶಯದಿಂದ ಏರ್ಪಟ್ಟಿರುವ ಈ ದತ್ತಿಯ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ವಿಷಯ, ಒಂದು ಮರವನ್ನು ಕುರಿತು ನೆರೆಹೊರೆಯವರಲ್ಲಿ ವಿವಾದ ಹುಟ್ಟಿದಾಗ ಅವರವರಿಗಿರುವ ಹಕ್ಕುಗಳಾವುವು, ಹೊಣೆಗಳಾವುವು ಎಂಬುದು. ಮೇಲ್ನೋಟಕ್ಕೆ ಇದು ಅಲ್ಪವಿಷಯವೆಂದು ತೋರಬಹುದಾದರೂ, ತೆಂಗಿನ ಸಾಲುಗಳೇ ಎಷ್ಟೋ ಕಡೆ ಹಿಡುವಳಿಗಳ ಎಲ್ಲೆಯಾಗಿ ನಿಂತಿರುವ ಅರಸೀಕೆರೆಯ ಬಯಲಿನಲ್ಲಿಯೂ, ಕಾಫಿತೋಟದ ನೆರಳುಮರಗಳು ಪಕ್ಕದ ಹೊಲದ ಮೇಲೆ ಚಾಚಿಕೊಂಡಿರುವ ಬೇಲೂರಿನ ಮಲೆನಾಡಂಚಿನಲ್ಲಿಯೂ, ಪುರಾತನ ದೇವಾಲಯಗಳ ಸಮೀಪದಲ್ಲಿಯೇ ಜನವಸತಿ ಬೆಳೆದಿರುವ ಹಳೇಬೀಡಿನಲ್ಲಿಯೂ, ಅಣ್ಣತಮ್ಮಂದಿರು ಮಾತು ಬಿಟ್ಟುದಕ್ಕೂ, ಮದುವೆ ಮುಂಜಿಗಳಿಗೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗದಂತಾದುದಕ್ಕೂ ಒಂದು ಮರವೇ ಕಾರಣವಾದ ಸಂಗತಿಯನ್ನು ಈ ಸಭೆಯಲ್ಲಿರುವ ಅನೇಕರು ತಮ್ಮ ಗ್ರಾಮದಿಂದಲೇ ಎತ್ತಿ ಹೇಳಬಲ್ಲರು.

ನಾನು ಪ್ರತಿಪಾದಿಸಬೇಕೆಂದಿರುವುದು ಒಂದೇ ಮಾತು. ಮರದ ವಿಷಯದಲ್ಲಿ ಕಾನೂನು ಕೊಟ್ಟಿರುವ ಹಕ್ಕು ಕ್ರಮವನ್ನು ಬೇಡುವ ಹಕ್ಕು. ಮೊದಲು ಅಳೆಯಬೇಕು, ಅನಂತರ ತಿಳಿಸಬೇಕು, ಆಮೇಲೆ ಕೇಡನ್ನು ತಪ್ಪಿಸಲು ಅವಶ್ಯವಾದಷ್ಟನ್ನು ಮಾತ್ರ ಮಾಡಬೇಕು, ಕೊಡಲಿಯು ಬರತಕ್ಕದ್ದು ಕಟ್ಟಕಡೆಗೆ. ಈ ಕ್ರಮವನ್ನು ತಲೆಕೆಳಗು ಮಾಡಿದವನು, ನ್ಯಾಯ ಮೊದಲಿಗೆ ತನ್ನ ಕಡೆಗೇ ಇದ್ದರೂ, ಕೊನೆಗೆ ಪ್ರತಿವಾದಿಯ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ. ಕೆಡವಿದ ಗೋಡೆಯನ್ನು ಮತ್ತೆ ಕಟ್ಟಿಸಿಕೊಡೆಂದು ನ್ಯಾಯಾಲಯವು ಆಜ್ಞಾಪಿಸಬಹುದು. ಕಡಿದುಹಾಕಿದ ಅರುವತ್ತು ವರ್ಷದ ಮರವನ್ನು ಮತ್ತೆ ನಿಲ್ಲಿಸೆಂದು ಆಜ್ಞಾಪಿಸಲು ಯಾವ ನ್ಯಾಯಾಧೀಶರಿಂದಲೂ ಸಾಧ್ಯವಿಲ್ಲ.

ಈ ವಿವೇಕವು ನಮ್ಮ ನಾಡಿಗೆ ಹೊಸದಲ್ಲ. ಧರ್ಮಶಾಸ್ತ್ರಕಾರರು ಗಣನೆ ಮಾಡಿದ ವ್ಯವಹಾರಪದಗಳಲ್ಲಿ ಸೀಮಾವಿವಾದವೂ ಒಂದು. ಆಲ, ಅರಳಿ, ಮುತ್ತುಗ, ಬೂರುಗ, ತಾಳೆ ಮೊದಲಾದುವನ್ನೂ ಹಾಲು ಸುರಿಸುವ ಮರಗಳನ್ನೂ ಎಲ್ಲೆಯ ಗುರುತಾಗಿ ಬೆಳೆಸತಕ್ಕದ್ದೆಂದು ವಿಧಿಸಿದ ಮನುಸ್ಮೃತಿಯು, ಕಣ್ಣಿಗೆ ಕಾಣುವ ಗುರುತು ಅಳಿದರೂ ಎಲ್ಲೆ ಅಳಿಯದಿರುವಂತೆ ಕಲ್ಲು, ಮೂಳೆ, ಹೊಟ್ಟು, ಬೂದಿ, ಇದ್ದಿಲುಗಳನ್ನು ನೆಲದೊಳಗೆ ಹುಗಿದಿಡಬೇಕೆಂದೂ ಹೇಳುತ್ತದೆ. ಜೀವಂತ ಮರದ ಕೊಂಬೆಯನ್ನು ಕಡಿದವನಿಗೆ 20 ಪಣ, ಕಾಂಡವನ್ನು ಕಡಿದವನಿಗೆ ಅದರ ಇಮ್ಮಡಿ, ಮರವನ್ನೇ ನಾಶಮಾಡಿದವನಿಗೆ ಮತ್ತೂ ಇಮ್ಮಡಿ ದಂಡವೆಂದು ವಿಧಿಸಿದ ಯಾಜ್ಞವಲ್ಕ್ಯನು, ಆ ಮರವು ಸೀಮೆಯ ಮೇಲಾಗಲಿ, ಶ್ಮಶಾನದಲ್ಲಾಗಲಿ, ದೇವಾಲಯದಲ್ಲಾಗಲಿ ಹುಟ್ಟಿದುದಾದರೆ ದಂಡವನ್ನು ಇನ್ನೊಮ್ಮೆ ಇಮ್ಮಡಿಗೊಳಿಸುತ್ತಾನೆ. ಗಡಿಯ ಮರವನ್ನು ದೇವಾಲಯದ ಮರಕ್ಕೆ ಸಮಾನವಾಗಿ ಎಣಿಸಿದ ಈ ವಿಧಿಯ ಹಿಂದಿನ ದೃಷ್ಟಿ ಸ್ಪಷ್ಟವಾಗಿದೆ: ಅದು ಬಿದ್ದರೆ ಮರವೊಂದೇ ಅಲ್ಲ, ಇಬ್ಬರ ನಡುವಿನ ಸಾಕ್ಷಿಯೂ ಬಿದ್ದಂತೆ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ಜಗತ್ಪ್ರಸಿದ್ಧವಾದ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದವನು. ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾದ 1117ರಲ್ಲಿ ಕಲ್ಯಾಣದ ಸಿಂಹಾಸನದ ಮೇಲಿದ್ದವನು ಅದೇ ವಿಕ್ರಮಾದಿತ್ಯನು. ಗಡಿಯ ಮಧ್ಯದಲ್ಲಿ ಹುಟ್ಟಿದ ಮರದ ಹೂವು ಹಣ್ಣುಗಳು ಎರಡು ಕ್ಷೇತ್ರಗಳ ಒಡೆಯರಿಗೂ ಸಾಮಾನ್ಯವೆಂಬ ಸ್ಮೃತಿಕಾರ ಕಾತ್ಯಾಯನನ ನಿರ್ಣಯಕ್ಕೂ ಇಂದಿನ ನ್ಯಾಯಾಲಯಗಳು ಅನುಸರಿಸುವ ತತ್ತ್ವಕ್ಕೂ ಸಾರದಲ್ಲಿ ಭೇದವಿಲ್ಲ. ಇನ್ನು ಬಿ. ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟವಾಗಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಗಳನ್ನು ನೋಡಿದವರಿಗೆ, ದತ್ತಿಭೂಮಿಯ ಎಲ್ಲೆಯನ್ನು ದಿಕ್ಕು ದಿಕ್ಕಿಗೆ ಕಲ್ಲು, ಕೆರೆ, ಹಳ್ಳ, ಮರಗಳಿಂದ ಗುರುತಿಸಿ ಹೇಳುವ ಪದ್ಧತಿಯು ಪರಿಚಿತವೇ ಆಗಿರುತ್ತದೆ.

ಈಗ ನಮ್ಮ ಕಾಲದ ಕಾನೂನಿಗೆ ಬರೋಣ. ಮೊದಲನೆಯ ಪ್ರಶ್ನೆ, ಮರ ಯಾರದು ಎಂಬುದು. ನೆಟ್ಟವರಾರು, ನೀರೆರೆದವರಾರು, ಬೇರು ಎತ್ತ ಹರಿದಿದೆ, ನೆರಳು ಯಾರ ಮೇಲೆ ಬೀಳುತ್ತದೆ ಎಂಬುವುಗಳಲ್ಲಿ ಯಾವುದೂ ಇದಕ್ಕೆ ಉತ್ತರವನ್ನು ಕೊಡಲಾರದು. ಕಾಂಡವು ನೆಲವನ್ನು ಬಿಟ್ಟು ಮೇಲೇಳುವ ಸ್ಥಳವು ಯಾರ ಭೂಮಿಯೋ ಮರವೂ ಸಾಮಾನ್ಯವಾಗಿ ಅವರದು. 1882ರ ಸ್ವತ್ತು ಹಸ್ತಾಂತರ ಕಾಯಿದೆಯ ಪ್ರಕಾರ ಭೂಮಿಯಲ್ಲಿ ಬೇರೂರಿದ ಮರವು ಭೂಮಿಗೆ ಅಂಟಿದ ವಸ್ತು. ಬೇರೆ ಅಭಿಪ್ರಾಯವು ಪತ್ರದಲ್ಲಿ ವ್ಯಕ್ತವಾಗದಿದ್ದರೆ ಭೂಮಿಯೊಡನೆ ಮರವೂ ಕೊಂಡವನಿಗೆ ಸೇರುತ್ತದೆ. ನಮ್ಮ ಕಡೆಯ ಕ್ರಯಪತ್ರಗಳಲ್ಲಿ ಇಂದಿಗೂ ಬರೆಯುವ ನಿಧಿ, ನಿಕ್ಷೇಪ, ಜಲ, ತರು, ಪಾಷಾಣಗಳೆಂಬ ಒಕ್ಕಣೆಯ ಅರ್ಥವೂ ಇದೇ.

ಆದರೆ ವಿವಾದದ ನಿಜವಾದ ಬೇರು ಬಹುಮಟ್ಟಿಗೆ ಕ್ರಯಪತ್ರದಲ್ಲಿರುವುದಿಲ್ಲ, ಪಾಲುಪಟ್ಟಿಯಲ್ಲಿರುತ್ತದೆ. ಹಳ್ಳಿಯಲ್ಲಿ ಬದುವಿನ ಆಚೆಗಿರುವ ನೆರೆಯವನು ಎಷ್ಟೋ ವೇಳೆ ದಾಯಾದಿಯೇ ಆಗಿರುತ್ತಾನೆ; ಏಕೆಂದರೆ ಅಜ್ಜನ ಕಾಲದಲ್ಲಿ ಒಂದಾಗಿದ್ದ ಸರ್ವೆ ನಂಬರು ಮಕ್ಕಳ ಕಾಲದಲ್ಲಿ ಹಿಸ್ಸೆಗಳಾಗಿ, ಮೊಮ್ಮಕ್ಕಳ ಕಾಲದಲ್ಲಿ ಹಿಸ್ಸೆಯೊಳಗಣ ತುಂಡುಗಳಾಗಿ ಒಡೆದಿರುತ್ತದೆ. ನೆಲವನ್ನು ಎಕರೆ ಗುಂಟೆಗಳಲ್ಲಿ ಹಂಚಿಕೊಂಡ ಅಣ್ಣತಮ್ಮಂದಿರು ಹುಣಸೆ, ಹಲಸು, ಮಾವುಗಳ ಫಲವನ್ನು ಮಾತ್ರ ಇಬ್ಬರೂ ತಿನ್ನೋಣವೆಂದು ಬಾಯಿಮಾತಿನಲ್ಲಿ ಒಪ್ಪಿಕೊಳ್ಳುತ್ತಾರೆ. ಒಪ್ಪಿಕೊಂಡವರು ಬದುಕಿರುವವರೆಗೆ ಆ ಮಾತಿಗೆ ಭಂಗ ಬರುವುದಿಲ್ಲ. ಅವರ ಮಕ್ಕಳಲ್ಲಿ ಒಬ್ಬನು ತನ್ನ ತುಂಡನ್ನು ಹೊರಗಿನವರಿಗೆ ಮಾರಿದ ವರ್ಷವೇ ಮರದ ಬುಡದಲ್ಲಿ ಜಗಳ ಮೊಳೆಯುತ್ತದೆ. ಪಹಣಿಯಲ್ಲಿ ಮರಗಳಿಗೆಂದು ಅಂಕಣವಿದ್ದರೂ ಅದನ್ನು ತುಂಬಿಸಿಕೊಳ್ಳುವ ಶ್ರದ್ಧೆ ನಮ್ಮಲ್ಲಿ ವಿರಳ.

ಆದುದರಿಂದ ಮೊದಲನೆಯ ಕರ್ತವ್ಯ ಅಳತೆ. ಬಾಂದುಕಲ್ಲು ಸರಿದಿದೆಯೆಂಬ, ಬದು ಉತ್ತು ಉತ್ತು ಸವೆದಿದೆಯೆಂಬ ಸಂಶಯವಿರುವಾಗ ಮರದ ಒಡೆತನವನ್ನು ಕುರಿತು ವಾದಿಸುವುದು ನಿರರ್ಥಕ. ಹದ್ದುಬಸ್ತಿಗೆ ಅರ್ಜಿ ಕೊಟ್ಟು ಶುಲ್ಕ ಸಲ್ಲಿಸಿದರೆ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟೀಸು ಹೋಗುತ್ತದೆ. ತಾಲ್ಲೂಕಿನ ಭೂಮಾಪಕರು ಮೂಲನಕ್ಷೆಯನ್ನು ಅನುಸರಿಸಿ ಅಳೆದು ಎಲ್ಲೆಯನ್ನು ಗುರುತಿಸುತ್ತಾರೆ. ಆ ಗೆರೆಯು ಕಾಂಡದ ಒಂದು ಪಕ್ಕದಲ್ಲಿ ಹಾಯ್ದರೆ ಮರ ಒಬ್ಬನದಾಯಿತು. ಕಾಂಡದ ನಡುವೆಯೇ ಹಾಯ್ದರೆ ಇಬ್ಬರದಾಯಿತು, ಮತ್ತು ಒಬ್ಬನ ಸಮ್ಮತಿಯಿಲ್ಲದೆ ಇನ್ನೊಬ್ಬನು ಅದನ್ನು ಕಡಿಯಕೂಡದು.

ಎರಡನೆಯ ಪ್ರಶ್ನೆ, ಮರ ನೆರೆಯವನದು, ಕೊಂಬೆ ನನ್ನ ನೆಲದ ಮೇಲೆ ಚಾಚಿದೆ, ನಾನೇನು ಮಾಡಬಹುದು ಎಂಬುದು. 1895ರ ನ್ಯಾಯವರದಿಯಲ್ಲಿ ಅಚ್ಚಾದ ಲೆಮನ್ ವಿರುದ್ಧ ವೆಬ್ ಎಂಬ ಪ್ರಕರಣದಲ್ಲಿ ಇಂಗ್ಲೆಂಡಿನ ಲಾರ್ಡುಗಳ ಸಭೆಯು ನಿರ್ಣಯಿಸಿದುದೇನೆಂದರೆ, ಕೊಂಬೆಯು ಎಷ್ಟು ವರ್ಷಗಳಿಂದ ಚಾಚಿಕೊಂಡಿದ್ದರೂ ಚಾಚುವ ಹಕ್ಕು ಮರದ ಒಡೆಯನಿಗೆ ಕಾಲಕ್ರಮದಿಂದ ಪ್ರಾಪ್ತವಾಗುವುದಿಲ್ಲ. ನೆರೆಯವನು ತನ್ನ ನೆಲದಲ್ಲಿಯೇ ನಿಂತು ಎಲ್ಲೆಯವರೆಗೆ ಅದನ್ನು ಕಡಿಯಬಹುದು. ಈ ತತ್ತ್ವವನ್ನು ಭಾರತದ ನ್ಯಾಯಾಲಯಗಳೂ ಅಂಗೀಕರಿಸಿವೆ. ಆದರೆ ಈ ಹಕ್ಕಿನ ಸುತ್ತ ಇರುವ ಬೇಲಿಯನ್ನೂ ನೋಡತಕ್ಕದ್ದು. ಕಡಿಯಲು ನೆರೆಯವನ ನೆಲದೊಳಕ್ಕೆ ಕಾಲಿಟ್ಟರೆ ಅದು ಅತಿಕ್ರಮಣ. ಎಲ್ಲೆಯಿಂದಾಚೆಗೆ ಒಂದು ಮೊಳ ಹೆಚ್ಚಾಗಿ ಕಡಿದರೂ ಅದು ಹಾನಿ. ಕಡಿದ ಸೌದೆಯನ್ನೂ ಅದರಲ್ಲಿದ್ದ ಹಣ್ಣನ್ನೂ ತನ್ನದೆಂದು ಸಾಗಿಸಿದರೆ ಅದೂ ತಪ್ಪು, ಏಕೆಂದರೆ ಬೇರ್ಪಟ್ಟ ಕೊಂಬೆಯೂ ಫಲವೂ ಮರದ ಒಡೆಯನ ಸ್ವತ್ತಾಗಿಯೇ ಉಳಿಯುವುದೆಂದು 1919ರ ಮಿಲ್ಸ್ ವಿರುದ್ಧ ಬ್ರೂಕರ್ ಪ್ರಕರಣದಲ್ಲಿ ನಿರ್ಣಯವಾಯಿತು. ನೆಲದಲ್ಲಿ ಬೇರೂರಿರುವವರೆಗೆ ಮರವು ಕಳವಿಗೆ ವಿಷಯವಾಗದಿದ್ದರೂ, ಪರರ ಮರವನ್ನು ಅಪ್ರಾಮಾಣಿಕವಾಗಿ ಒಯ್ಯುವ ಉದ್ದೇಶದಿಂದ ಕಡಿದೊಡನೆಯೇ ಕಳವು ಸಂಪೂರ್ಣವಾಗುವುದೆಂದು 1860ರ ದಂಡಸಂಹಿತೆಯು ದೃಷ್ಟಾಂತಪೂರ್ವಕವಾಗಿ ಹೇಳಿತ್ತು. ಅದರ ಸ್ಥಾನದಲ್ಲಿ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಆ ತತ್ತ್ವ ಮುಂದುವರಿದಿದೆ. ಉದುರಿದ ಹಣ್ಣಿನ ವಿಷಯದಲ್ಲಿ ರಾಷ್ಟ್ರರಾಷ್ಟ್ರಗಳಿಗೂ ಭೇದವುಂಟು: ಪ್ರಾಚೀನ ರೋಮಿನ ಹನ್ನೆರಡು ಫಲಕಗಳು ಮರದ ಒಡೆಯನಿಗೆ ನೆರೆಯವನ ನೆಲದಿಂದ ಫಲವನ್ನು ಆಯ್ದುಕೊಳ್ಳುವ ಅವಕಾಶವನ್ನು ಕೊಟ್ಟವು, ಜರ್ಮನಿಯ ಸಿವಿಲ್ ಸಂಹಿತೆಯು ತಾನಾಗಿ ಬಿದ್ದ ಹಣ್ಣನ್ನು ಬಿದ್ದ ನೆಲದವನಿಗೇ ಕೊಡುತ್ತದೆ. ನಮ್ಮಲ್ಲಿ ಇಬ್ಬರೂ ಬಾಯಿಬಿಟ್ಟು ಮಾತನಾಡಿ ಒಂದು ಪದ್ಧತಿಯನ್ನು ಗೊತ್ತುಮಾಡಿಕೊಳ್ಳುವುದೇ ಲೇಸು.

ಇದರ ಮೇಲೆ ಕರ್ನಾಟಕದಲ್ಲಿ ಇನ್ನೊಂದು ಕಟ್ಟಳೆಯಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯು, ಸ್ವಂತ ಭೂಮಿಯ ಮರವನ್ನು ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿಯನ್ನು ಕಡ್ಡಾಯಮಾಡಿತು. ಬುಡವನ್ನು ಕತ್ತರಿಸುವುದು ಮಾತ್ರವಲ್ಲದೆ ಕೊಂಬೆ ಸವರುವುದು, ತೊಗಟೆಯನ್ನು ಸುತ್ತಲೂ ಸುಲಿಯುವುದು, ಸುಡುವುದು, ವಿಷವಿಕ್ಕುವುದು ಇವೆಲ್ಲವೂ ಅದರ ವ್ಯಾಖ್ಯೆಯಲ್ಲಿ ಸೇರುತ್ತವೆ. ಆದುದರಿಂದ ರಾತ್ರಿ ವೇಳೆ ಬುಡವನ್ನು ಕೊರೆದು ಇಂಗನ್ನೋ ಆಮ್ಲವನ್ನೋ ತುಂಬಿ ಮರ ತಾನಾಗಿ ಒಣಗಿತೆಂದು ಹೇಳುವ ಹೀನಕೃತ್ಯಕ್ಕೂ ಅದು ಅನ್ವಯಿಸುತ್ತದೆ. ಮರ ಸತ್ತಿದ್ದರೆ, ರೋಗಪೀಡಿತವಾಗಿದ್ದರೆ, ಪ್ರಾಣಕ್ಕಾಗಲಿ ಸ್ವತ್ತಿಗಾಗಲಿ ಅಪಾಯಕರವಾಗಿದ್ದರೆ ಅನುಮತಿ ದೊರೆಯುತ್ತದೆ. ತೆಂಗು, ಸಿಲ್ವರ್ ಓಕ್, ನೀಲಗಿರಿ, ಸರ್ವೆ, ಸುಬಾಬುಲ್ ಮೊದಲಾದುವಕ್ಕೆ ಈ ಅನುಮತಿಯಿಂದ ವಿನಾಯಿತಿಯುಂಟು. ಅರಸೀಕೆರೆಯ ತೆಂಗೂ ಬೇಲೂರಿನ ಸಿಲ್ವರೂ ಈ ವಿನಾಯಿತಿಯಲ್ಲಿ ಬರುವುದರಿಂದ, ಯಾರ ಮರವನ್ನು ಯಾರು ಬೇಕಾದರೂ ಕಡಿಯಬಹುದೆಂಬ ಭ್ರಮೆ ಕೆಲವರಲ್ಲಿದೆ. ವಿನಾಯಿತಿಯು ಇಲಾಖೆಯ ಅನುಮತಿಯಿಂದ ಮಾತ್ರ, ನೆರೆಯವನ ಸ್ವಾಮ್ಯದಿಂದಲ್ಲ. ಪ್ರಕೃತಿಯನ್ನು ಕಾಪಾಡುವುದು ಪೌರನ ಮೂಲಭೂತ ಕರ್ತವ್ಯವೆಂದು 51ಎ ಅನುಚ್ಛೇದವನ್ನು ಸಂವಿಧಾನದಲ್ಲಿ ಸೇರಿಸಿದ 42ನೆಯ ತಿದ್ದುಪಡಿಯೂ ಅದೇ 1976ರದೆಂಬುದನ್ನು ಇಲ್ಲಿ ಸ್ಮರಿಸಬಹುದು.

ಮಹನೀಯರೆ, ಇದುವರೆಗೆ ಹೇಳಿದುದೆಲ್ಲ ಕೊಂಬೆಯುಳ್ಳ ಮರದ ನ್ಯಾಯ. ನಮ್ಮ ತೆಂಗಿಗೆ ಕೊಂಬೆಯಿಲ್ಲ. ಅದರ ಜೀವವೆಲ್ಲ ನೆತ್ತಿಯ ಒಂದು ಸುಳಿಯಲ್ಲಿದೆ. ಸುಳಿ ಹೋದರೆ ಮರ ಹೋಯಿತು, ಮತ್ತೆ ಚಿಗುರುವ ಮಾತಿಲ್ಲ. ತೋಟದ ಒಳಸಾಲುಗಳಲ್ಲಿ ನೆಟ್ಟಗೆ ಏರುವ ಮರವು ಬದುವಿನ ಸಾಲಿನಲ್ಲಿ ಬೆಳಕನ್ನು ಅರಸಿ ನೆರೆಯವನ ಬಯಲಿನ ಕಡೆಗೆ ವಾಲುತ್ತದೆ. ಮೂವತ್ತು ನಲವತ್ತು ವರ್ಷಗಳಲ್ಲಿ ಬುಡ ಇತ್ತ, ನೆತ್ತಿ ಅತ್ತ ಎಂಬ ಸ್ಥಿತಿ ಒದಗುತ್ತದೆ. ಎಳನೀರಿಗಾಗಿ ಬೇಗನೆ ಇಳಿಸುವ ಸೀಮೆಗಳಂತಲ್ಲದೆ, ಉಂಡೆಕೊಬ್ಬರಿಗಾಗಿ ಕಾಯಿಯನ್ನು ಸಂಪೂರ್ಣವಾಗಿ ಬಲಿಯಬಿಡುವ ಅರಸೀಕೆರೆ, ತಿಪಟೂರುಗಳ ಕಡೆ ಬಲಿತ ಕಾಯಿ ತಾನಾಗಿಯೇ ಕಳಚಿ ಬೀಳುವ ಸಂಭವ ಅಧಿಕ. ಅದು ಬೀಳುವುದು ನೆರೆಯವನ ಹೆಂಚಿನ ಮೇಲೆ, ಕೊಟ್ಟಿಗೆಯ ಮೇಲೆ, ಒಮ್ಮೊಮ್ಮೆ ಅಂಗಳದಲ್ಲಿ ಆಡುವ ಮಗುವಿನ ಪಕ್ಕದಲ್ಲಿ.

ಇಲ್ಲಿ ಎಲ್ಲೆಯವರೆಗೆ ಕಡಿಯಬಹುದೆಂಬ ಸೂತ್ರವನ್ನು ಅಕ್ಷರಶಃ ಅನ್ವಯಿಸಿದರೆ ಕೊಂಬೆ ಸವರಿದಂತಾಗದೆ ಮರವನ್ನು ಕೊಂದಂತಾಗುತ್ತದೆ. ಕೇಡನ್ನು ತಪ್ಪಿಸಲು ಅವಶ್ಯವಾದಷ್ಟು ಮಾತ್ರ ಎಂಬ ಮಿತಿಗೆ ಇಲ್ಲಿ ಪೂರ್ಣವಾದ ಅರ್ಥ ಬರುತ್ತದೆ. ತನ್ನ ಮೇಲೆ ಜೋಲುವ ಸೋಗೆಯನ್ನೂ ಗೊನೆಯನ್ನೂ ಇಳಿಸಬೇಕೆಂದು ಕೇಳುವ ಹಕ್ಕು ನೆರೆಯವನಿಗುಂಟು. ಸುಳಿಗೆ ಕತ್ತಿಯಿಕ್ಕುವ ಹಕ್ಕಿಲ್ಲವೆಂದೇ ನಾನು ಭಾವಿಸುತ್ತೇನೆ. ಒಡೆಯನ ಹೊಣೆಯೂ ಅಷ್ಟೇ ಗುರುತರವಾದುದು: ನೆರೆಯವನ ಕಡೆಯ ಗೊನೆಗಳನ್ನು ಬಲಿಯುವ ಮೊದಲೇ ಎಳನೀರಾಗಿ ಇಳಿಸಬೇಕು, ಒಣಗಿದ ಗರಿ, ಹೊಂಬಾಳೆಗಳನ್ನು ತೆಗೆಸಬೇಕು, ವಾಲಿದ ಕಾಂಡಕ್ಕೆ ತನ್ನ ನೆಲದಿಂದ ತಂತಿಹಗ್ಗವನ್ನು ಬಿಗಿದು ಆಧಾರ ಕೊಡಬೇಕು, ಅದಾವುದೂ ಸಾಲದಾದಾಗ ಪರಿಹಾರವನ್ನು ಗೊತ್ತುಮಾಡಿಕೊಂಡು ತಾನೇ ಮುಂದೆ ನಿಂತು ಕಡಿಸಬೇಕು. ಬೀಳುವಂತಿರುವ ಮರದ ವಿಷಯದಲ್ಲಿ ಕಾರ್ಯನಿರ್ವಾಹಕ ದಂಡಾಧಿಕಾರಿಗಳು ಆಜ್ಞೆ ಮಾಡಬಹುದೆಂದು ಹಿಂದಿನ ದಂಡಪ್ರಕ್ರಿಯಾ ಸಂಹಿತೆಯ 133ನೆಯ ಕಲಮಿನಲ್ಲಿಯೂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಲ್ಲಿಯೂ ಹೇಳಿರುವಾಗ, ಮರವನ್ನು ತೆಗೆಯುವುದನ್ನಷ್ಟೇ ಅಲ್ಲದೆ ಅದಕ್ಕೆ ಆಧಾರ ಕೊಡುವುದನ್ನೂ ಹೇಳಿದೆ. ವಾಲಿದ ತೆಂಗಿನ ಪಾಲಿಗೆ ಆ ಎರಡನೆಯ ಮಾತು ಪ್ರಾಣದಾನಕ್ಕೆ ಸಮಾನ. ಇನ್ನು ಹೊಸದಾಗಿ ನೆಡುವವರು, ಮರದಿಂದ ಮರಕ್ಕೆ ಎಂಟು ಒಂಬತ್ತು ಮೀಟರು ಬಿಡುವವರು, ಬದುವಿಗೂ ಅದರ ಅರ್ಧದಷ್ಟನ್ನಾದರೂ ಬಿಟ್ಟರೆ ಮೊಮ್ಮಕ್ಕಳ ವ್ಯಾಜ್ಯವನ್ನು ಇಂದೇ ತೀರಿಸಿದಂತಾಗುತ್ತದೆ.

ನೆಲದ ಮೇಲಣ ವಿವಾದ ಕಣ್ಣಿಗೆ ಕಾಣುತ್ತದೆ, ನೆಲದೊಳಗಿನದು ಕಾಣುವುದಿಲ್ಲ. ತೆಂಗಿನ ಅಣಬೆರೋಗವು ಮಣ್ಣಿನಿಂದಲೂ ಬೇರಿನಿಂದ ಬೇರಿಗೂ ಹರಡತಕ್ಕದ್ದು. ಬುಡದ ತೊಗಟೆಯಿಂದ ಕೆಂಗಂದು ರಸ ಸೋರುತ್ತ, ಕೆಳಗಣ ಗರಿಗಳು ಜೋತುಬೀಳುತ್ತ, ಕಡೆಗೆ ಬುಡದಲ್ಲಿ ಅಣಬೆ ಕಾಣಿಸಿಕೊಳ್ಳುವ ಮರವನ್ನು ಒಡೆಯನು ಹಾಗೆಯೇ ಬಿಟ್ಟರೆ ರೋಗವು ಬದುವನ್ನು ದಾಟಿ ಹೋಗುತ್ತದೆ. ಸತ್ತ ಮರವನ್ನು ಬೇರುಸಹಿತ ಕಿತ್ತು ಸುಡುವುದು, ರೋಗಿಷ್ಠ ಮರದ ಸುತ್ತ ಕಂದಕ ತೋಡಿ ಬೇರೆ ಮರಗಳಿಂದ ಬೇರ್ಪಡಿಸುವುದು, ಬೇವಿನಹಿಂಡಿಯೊಡನೆ ಟ್ರೈಕೋಡರ್ಮಾ ಹಾಕುವುದು ತೋಟಗಾರಿಕಾ ತಜ್ಞರು ಹೇಳುವ ಉಪಾಯಗಳು. ಇವು ಬೇಸಾಯದ ಬುದ್ಧಿವಾದ ಮಾತ್ರವಲ್ಲ; ಕೇಡನ್ನು ತಿಳಿದೂ ಸುಮ್ಮನಿದ್ದವನ ಮೇಲೆ ಉಪೇಕ್ಷೆಯ ಆರೋಪವನ್ನು ಹೊರಿಸಲು ಅವಕಾಶವಿರುವುದರಿಂದ, ನ್ಯಾಯದ ಬುದ್ಧಿವಾದವೂ ಹೌದು. ಶ್ರೀಗಂಧದ ವಿಷಯ ಇನ್ನೂ ಸೂಕ್ಷ್ಮವಾದುದು. ಗಂಧದ ಬೇರು ಅಕ್ಕಪಕ್ಕದ ಗಿಡಗಳ ಬೇರಿಗೆ ಕಚ್ಚಿಕೊಂಡು ಆಹಾರವನ್ನು ಸೆಳೆದುಕೊಳ್ಳತಕ್ಕದ್ದು; 2001ರ ತಿದ್ದುಪಡಿಯಿಂದ ಹಿಡುವಳಿದಾರನು ತನ್ನ ಭೂಮಿಯ ಗಂಧದ ಮರಕ್ಕೆ ತಾನೇ ಒಡೆಯನಾದುದರಿಂದ ಅದನ್ನು ಬೆಳೆಸುವವರಿಗೆ ಉತ್ಸಾಹ ಬಂದಿದೆ. ಬದುವಿನ ಮೇಲೆ ಗಂಧವನ್ನು ನೆಡುವವನು ಅದರ ಆಸರೆಯ ಗಿಡಗಳನ್ನೂ ತನ್ನ ನೆಲದಲ್ಲಿಯೇ ನೆಡುವುದು ಧರ್ಮ.

ಬೇಲೂರಿನ ಕಡೆಯ ದೂರು ನೆರಳಿನದು. ಕಾಫಿಗೆ ನೆರಳು ಬೇಕು, ಸಿಲ್ವರಿಗೆ ಹಬ್ಬಿದ ಮೆಣಸಿಗೆ ಮರ ಬೇಕು. ಪಕ್ಕದ ಆಲೂಗಡ್ಡೆಗೂ ಜೋಳಕ್ಕೂ ಬಿಸಿಲು ಬೇಕು. ಇಲ್ಲಿ ಕಾನೂನಿನ ಸಹಾಯ ಕೃಶವಾದುದೆಂದು ಮೊದಲೇ ತಿಳಿದಿರುವುದು ಒಳ್ಳೆಯದು. 1882ರ ಈಸ್‌ಮೆಂಟ್ ಕಾಯಿದೆಯ ತತ್ತ್ವದಂತೆ, ಇಪ್ಪತ್ತು ವರ್ಷಗಳ ಅಬಾಧಿತ ಅನುಭೋಗದಿಂದ ಬೆಳಕಿನ ಹಕ್ಕು ಪ್ರಾಪ್ತವಾಗುವುದು ಕಟ್ಟಡಕ್ಕೆ. ತೆರೆದ ನೆಲಕ್ಕೆ ಹಾಗೆ ಪ್ರಾಪ್ತವಾಗುವುದಿಲ್ಲ. ಆದುದರಿಂದ ಹೊಲದವನು ಕೊಂಬೆಯನ್ನು ಕುರಿತು ಮಾತನಾಡಬಹುದು, ಬೇರನ್ನು ಕುರಿತು ಮಾತನಾಡಬಹುದು, ಕೇವಲ ನೆರಳನ್ನು ಹಿಡಿದು ದಾವೆ ಹೂಡಿ ಗೆಲ್ಲುವುದು ಕಷ್ಟ. ಮಳೆಗಾಲಕ್ಕೆ ಮುಂಚೆ ತೋಟದಲ್ಲಿ ನೆರಳು ಸವರುವ ಕೆಲಸ ಹೇಗೂ ನಡೆಯುವುದರಿಂದ, ಆಗಲೇ ಅಂಚಿನ ಸಾಲನ್ನೂ ಸವರಿಸಿರೆಂದು ಕೇಳುವುದೂ, ಕೇಳಿದಾಗ ಸವರಿಸುವುದೂ ಎರಡು ದಿನದ ಆಳುಕೂಲಿಯಲ್ಲಿ ಮುಗಿಯುವ ಸೌಜನ್ಯ.

ಮರ ಬಿದ್ದು ಪ್ರಾಣಹಾನಿಯಾದಾಗ ಹೊಣೆ ಯಾರದು? ಇಂಗ್ಲೆಂಡಿನ 1926ರ ನೋಬಲ್ ವಿರುದ್ಧ ಹ್ಯಾರಿಸನ್ ಪ್ರಕರಣದಲ್ಲಿ ರಸ್ತೆಯ ಮೇಲೆ ಚಾಚಿದ್ದ ಕೊಂಬೆ ಮುರಿದು ಮೋಟಾರುಬಂಡಿಯ ಮೇಲೆ ಬಿದ್ದಾಗ, ಒಳಗಿನ ದೋಷವು ಪರೀಕ್ಷೆಗೆ ಸಿಕ್ಕದಂಥದಾಗಿದ್ದುದರಿಂದ ಒಡೆಯನು ಹೊಣೆಯಲ್ಲವೆಂದಾಯಿತು. ದೆಹಲಿಯಲ್ಲಿ 1964ರಲ್ಲಿ ರಸ್ತೆಬದಿಯ ಮರದ ಕೊಂಬೆ ಬಿದ್ದು ಸ್ಕೂಟರ್ ಸವಾರರೊಬ್ಬರು ಮೃತರಾದ ಪ್ರಕರಣದಲ್ಲಿ, ಮರವು ಒಣಗಿ ಅಪಾಯಕರವಾಗಿದ್ದುದರಿಂದ ಅದನ್ನು ತೆಗೆಸದಿದ್ದ ನಗರಪಾಲಿಕೆಯೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ತೀರ್ಪಿತ್ತಿತು. ಎರಡನ್ನೂ ಜೊತೆಗಿಟ್ಟು ನೋಡಿದರೆ ನಿಯಮ ಸ್ಪಷ್ಟವಾಗುತ್ತದೆ: ತಿಳಿದಿದ್ದರೆ, ಅಥವಾ ನೋಡಿದ್ದರೆ ತಿಳಿಯುವಂತಿದ್ದರೆ, ಹೊಣೆ ತಪ್ಪದು. ಆದುದರಿಂದಲೇ ನೆರೆಯವನು ಬರೆದು ತಿಳಿಸುವ ಒಂದು ಪತ್ರಕ್ಕೆ ಅಷ್ಟು ಬೆಲೆ. ತಿಳಿಸಿದ ದಿನದಿಂದ ಒಡೆಯನು ತನಗೆ ತಿಳಿಯದೆಂದು ಹೇಳುವಂತಿಲ್ಲ. ಮರವು ವಿದ್ಯುತ್ ತಂತಿಯ ಮೇಲೆ ಬಾಗಿದ್ದರೆ ಮಾತ್ರ ಇಬ್ಬರೂ ಕೈಹಾಕದೆ ವಿದ್ಯುತ್ ಕಂಪನಿಗೆ ತಿಳಿಸತಕ್ಕದ್ದು.

ಹಳೇಬೀಡು, ಬೇಲೂರುಗಳ ನಿವಾಸಿಗಳಿಗೆ ಒಂದು ವಿಶೇಷ ಸೂಚನೆ. ಮರದ ಜಗಳ ಬೇಡವೆಂದು ನಡುವೆ ಕಾಂಪೌಂಡು ಎತ್ತಿಸುವುದು ಎಲ್ಲರಿಗೂ ಹೊಳೆಯುವ ಉಪಾಯ. ಆದರೆ ಸಂರಕ್ಷಿತ ಸ್ಮಾರಕದಿಂದ 100 ಮೀಟರು ನಿಷಿದ್ಧ ಪ್ರದೇಶವೆಂದೂ, ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶವೆಂದೂ ಪುರಾತನ ಸ್ಮಾರಕಗಳ ಕಾಯಿದೆಯು ಗೊತ್ತುಪಡಿಸಿರುವುದರಿಂದ, ನಿಷಿದ್ಧ ಪ್ರದೇಶದಲ್ಲಿ ಹೊಸ ಗೋಡೆ ಎತ್ತುವಂತಿಲ್ಲ, ನಿಯಂತ್ರಿತ ಪ್ರದೇಶದಲ್ಲಿ ಅಡಿಪಾಯ ತೋಡುವ ಮೊದಲು ಅನುಮತಿ ಪಡೆಯಬೇಕು. ಗೋಡೆ ಏಳಲಾಗದ ಕಡೆಯಲ್ಲಿ ಮಾತೇ ಗೋಡೆಯ ಕೆಲಸವನ್ನು ಮಾಡಬೇಕಾಗುತ್ತದೆ.

ಮಾತು ಸಾಲದಾದಾಗ ಸಿವಿಲ್ ನ್ಯಾಯಾಲಯವಿದ್ದೇ ಇದೆ. 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ ಮೇರೆಗೆ ಕಡಿಯದಂತೆ ಪ್ರತಿಬಂಧಕಾಜ್ಞೆಯನ್ನೂ, ಕೊಂಬೆ ತೆಗೆಸುವಂತೆ ಆದೇಶಾತ್ಮಕ ಆಜ್ಞೆಯನ್ನೂ ಕೇಳಬಹುದು. ಆದರೆ ಅದಕ್ಕೆ ಮುನ್ನ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಮೇರೆಗೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ದಾವೆ ಹೂಡುವ ಮೊದಲೇ ಲೋಕ ಅದಾಲತ್ತಿನಲ್ಲಿ ರಾಜಿಮಾಡಿಕೊಳ್ಳುವ ದಾರಿಯಿದೆ. ಅಲ್ಲಿ ಆದ ರಾಜಿಯ ತೀರ್ಪು ಸಿವಿಲ್ ಡಿಕ್ರಿಗೆ ಸಮಾನ. ಅದರ ಮೇಲೆ ಅಪೀಲಿಲ್ಲ. ಮರದ ವ್ಯಾಜ್ಯಕ್ಕೆ ಇದಕ್ಕಿಂತ ಯೋಗ್ಯವಾದ ಪೀಠ ನನಗೆ ತೋರದು; ಏಕೆಂದರೆ ಗೆದ್ದವನೂ ಸೋತವನೂ ಮರುದಿನ ಬೆಳಗ್ಗೆ ಅದೇ ಬದುವಿನ ಮೇಲೆ ಎದುರಾಗಬೇಕಾದವರು.

ಕಡೆಯದಾಗಿ ಒಂದು ಪ್ರಾರ್ಥನೆ. ಈ ವರ್ಷ ಯಾರ ಮನೆಯಲ್ಲಿ ಪಾಲುಪಟ್ಟಿಯಾಗಲಿ ಕ್ರಯಪತ್ರವಾಗಲಿ ನಡೆಯುವುದೋ ಅವರು ಚೆಕ್ಕುಬಂದಿಯ ಕೆಳಗೆ ಇನ್ನು ನಾಲ್ಕು ಸಾಲುಗಳನ್ನು ಬರೆಯಿಸಲಿ: ಬದುವಿನ ಮೇಲೆ ಅಥವಾ ಬದುವಿನ ಬಳಿ ಇರುವ ಮರಗಳಾವುವು, ಅವುಗಳ ಕಾಂಡ ಯಾರ ಕಡೆಗಿದೆ, ಫಲ ಯಾರಿಗೆ ಯಾವ ಪ್ರಮಾಣದಲ್ಲಿ, ಸವರಿಸುವ ಮತ್ತು ಕಾಲ ಬಂದಾಗ ಕಡಿಸುವ ಖರ್ಚು ಯಾರದು. ದಸ್ತಾವೇಜು ಬರೆಯುವವರೂ ವಕೀಲರೂ ಇದನ್ನು ತಾವಾಗಿಯೇ ಕೇಳುವ ಪದ್ಧತಿಯನ್ನು ಹಾಕಿಕೊಂಡರೆ, ಮುಂದಿನ ತಲೆಮಾರಿನಲ್ಲಿ ಎಷ್ಟು ದಾವೆಗಳು ಹುಟ್ಟದೆ ಉಳಿಯುವುವೋ ಅಷ್ಟು ಮರಗಳೂ ಬೀಳದೆ ಉಳಿಯುವುವು. ಹಾಗೆ ಬರೆಯಿಸಲು ತಗಲುವುದು ಒಂದು ಗಳಿಗೆಯ ಯೋಚನೆ ಮಾತ್ರ. ಅದನ್ನು ಮಾಡಲು ನಿಮ್ಮೆಲ್ಲರನ್ನೂ ಬೇಡಿಕೊಳ್ಳುತ್ತೇನೆ.